ಬೆರಳನ್ನು ಎಳೆಯುವ ದಾರ

ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಆವರಣವಿದೆ. ಶಾಲಾ ಶಿಕ್ಷಕರು ಅಲ್ಲಿಗೆ ಬಂದು ವಿಜ್ಞಾನವನ್ನು ಕೈಯಾರೆ ಪ್ರಯೋಗ ಮಾಡಿ ಕಲಿತು ಹೋಗುತ್ತಾರೆ. ಅಂಥ ಒಂದು ಪಾಠವನ್ನು ನಿಮ್ಮ ಅಡುಗೆಮನೆಯಲ್ಲೇ ಮಾಡಬಹುದು. ನೀವು ಏಳನೇ ತರಗತಿಗೇ ಶಾಲೆ ಬಿಟ್ಟವರಾದರೂ ಇದಕ್ಕೆ ನೀವೇ ಟೀಚರ್.

ಬೆರಳು ಮಡಚುವ ಶಕ್ತಿ ಎಲ್ಲಿಂದ ಬರುತ್ತದೆಂದು ಮಗುವನ್ನು ಕೇಳಿ. ಬೆರಳಿನಿಂದಲೇ ಎನ್ನುತ್ತದೆ. ಮೊಣಕೈಗಿಂತ ತುಸು ಕೆಳಗೆ ಇನ್ನೊಂದು ಕೈಯಿಂದ ಹಿಡಿದು, ಬೆರಳುಗಳನ್ನು ಮಡಚಿ ಬಿಚ್ಚಲು ಹೇಳಿ. ಚರ್ಮದ ಕೆಳಗೆ ಏನೋ ಹೊರಳುತ್ತದೆ. ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳಿರುವುದು ಅಲ್ಲಿ! ಅಲ್ಲಿಂದ ಹೊರಟ ಗಟ್ಟಿ ಹುರಿಗಳು ಮಣಿಕಟ್ಟು ದಾಟಿ ಬಂದು ಬೆರಳಿನ ಮೂಳೆಗಳಿಗೆ ಅಂಟಿಕೊಂಡಿವೆ. ಶಾಲೆಯ ಪುಸ್ತಕದಲ್ಲಿ ಇವಕ್ಕೆ ಸ್ನಾಯುರಜ್ಜು ಎನ್ನುತ್ತಾರೆ.

ಈಗ ಮೆಹಂದಿಗೆ ಚಾಚುವಂತೆ ಮಗುವಿನ ಕೈಯನ್ನು ತೆಳು ರಟ್ಟಿನ ಮೇಲೆ ಇರಿಸಿ, ಸುತ್ತ ಗೆರೆ ಎಳೆದು ಕತ್ತರಿಸಿ. ಬೆರಳಿನ ಗೆಣ್ಣುಗಳಿರುವಲ್ಲಿ ರಟ್ಟನ್ನು ಮಡಚಿ. ಎಳನೀರು ಕುಡಿಯುವ ಸ್ಟ್ರಾವನ್ನು ತುಂಡು ಮಾಡಿ, ಬೆರಳಿಗೆ ಮೂರರಂತೆ, ಹೆಬ್ಬೆರಳಿಗೆ ಎರಡು ಅಂಟಿಸಿ. ಮಡಿಕೆಯ ಜಾಗ ಖಾಲಿ ಇರಲಿ. ಅಂಗೈಯಲ್ಲೂ ಒಂದೊಂದು ತುಂಡು ಬೇಕು. ಅವುಗಳೊಳಗೆ ದಾರ ಪೋಣಿಸಿ, ತುದಿಯನ್ನು ಬೆರಳ ತುದಿಗೆ ಭದ್ರವಾಗಿ ಅಂಟಿಸಿ. ಮಣಿಕಟ್ಟಿನ ಕಡೆಯಿಂದ ಎಳೆಯಿರಿ, ಬೆರಳು ಬಾಗುತ್ತದೆ. ಹುಡುಗರು ಸಂಜೆಯವರೆಗೆ ಇದನ್ನು ಬಿಡುವುದಿಲ್ಲ, ಹೇಳಿರುತ್ತೇನೆ.

ಮೊಳಕಾಲ್ಮುರಿನ ಮಗ್ಗದ ಮನೆಗಳ ಮಕ್ಕಳಿಗೆ ಇದು ಹೊಸದೇನಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಅಲ್ಲಿನ ರೇಷ್ಮೆ ಸೀರೆ ನೇಯುವಾಗ, ನೇಕಾರ ಕೆಳಗೆ ಕಾಲಿನಿಂದ ತುಳಿದರೆ ಹುರಿಗಳ ಎಳೆತದಿಂದ ಮೇಲೆ ಹಾಸಿನ ಎಳೆಗಳು ಏಳುತ್ತವೆ. ಬಲ ಒಂದು ಕಡೆ, ಚಲನೆ ಇನ್ನೊಂದು ಕಡೆ. ಆ ಊರಿನ ತಾಯಂದಿರು ಮಗುವಿಗೆ ಮೊದಲು ಮಗ್ಗವನ್ನೇ ತೋರಿಸಲಿ.

ಕೊನೆಗೆ ರಟ್ಟಿನ ಕೈಯ ಒಂದು ದಾರವನ್ನು ಕತ್ತರಿಸಿ. ಎಷ್ಟು ಎಳೆದರೂ ಆ ಬೆರಳು ಅಲುಗದು. ಮನೆಯಲ್ಲಿ ಗಾಜಿನ ಲೋಟ ಒಡೆದಾಗ, ಈಳಿಗೆ ತಗುಲಿದಾಗ ನಿಜವಾಗಿಯೂ ಹೀಗಾಗಬಹುದು. ಹೊರಗಿನ ಗಾಯ ಅರ್ಧ ಇಂಚು, ಒಳಗೆ ಹುರಿಯೇ ತುಂಡಾಗಿರುತ್ತದೆ. ಸ್ನಾಯು ಎಳೆದುಕೊಳ್ಳುವುದರಿಂದ ತುಂಡಾದ ತುದಿಗಳು ದೂರ ಸರಿಯುತ್ತವೆ. ಅವು ತಾವಾಗಿ ಕೂಡಿಕೊಳ್ಳುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕು. ವಾರಗಟ್ಟಲೆ ತಡವಾದರೆ ಅದೂ ಕಷ್ಟ.

ಆದ್ದರಿಂದ ಅರಿಶಿನ, ಕಾಫಿಪುಡಿ ತುಂಬಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ. ರಕ್ತ ನಿಂತ ಮೇಲೆ ಪ್ರತಿ ಬೆರಳನ್ನೂ, ಅದರ ತುದಿಯ ಗೆಣ್ಣನ್ನೂ ಮಡಚಿಸಿ ನೋಡಿ. ಬೆರಳ ತುದಿ ಜೋಮು ಹಿಡಿದಂತಿದೆಯೇ ಎಂದೂ ಕೇಳಿ. ಮಡಚಲಾಗದಿದ್ದರೆ, ಜೋಮಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಮಾತ್ರ ಹೊಲಿಗೆ ಹಾಕಿ ಕಳುಹಿಸಲು ಹೊರಟರೆ, "ಡಾಕ್ಟರೇ, ಈ ಬೆರಳು ಮಡಚುತ್ತಿಲ್ಲ" ಎಂದು ಧೈರ್ಯವಾಗಿ ಹೇಳಿ.

ಪುಟ್ಟ ಮಗು ಅಳುತ್ತಾ ಮಾತು ಕೇಳದಿದ್ದರೆ? ಅದು ನಿದ್ರೆ ಹೋದಾಗ ಅಂಗೈಯನ್ನು ನೋಡಿ. ಬೆರಳುಗಳೆಲ್ಲ ತಾವಾಗಿ ತುಸು ಬಾಗಿರುತ್ತವೆ. ಒಂದು ಮಾತ್ರ ನೆಟ್ಟಗೆ ಚಾಚಿಕೊಂಡಿದ್ದರೆ ಬೆಳಗಾಗುವವರೆಗೆ ಕಾಯಬೇಡಿ.