ಮುಳ್ಳಿನ ಮೆಳೆಯಲ್ಲಿ ಕೇದಗೆಯ ಕಂಪು

ಶ್ರಾವಣದ ಮಳೆಯಲ್ಲಿ ಕರಾವಳಿಯ ತೋಡಿನ ಬದಿಗೆ ನಡೆದವರಿಗೆ ಕೇದಗೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ಇದರ ಎಸಳನ್ನು ಮಡಿಸಿ ಜಡೆಗೆ ಹೆಣೆಯುವುದು ಒಂದು ಕಾಲದಲ್ಲಿ ಹೆಣ್ಣುಮಕ್ಕಳ ಸಂಭ್ರಮ. ಸೀರೆಯ ಪೆಟ್ಟಿಗೆಯಲ್ಲಿ ಒಂದೆಸಳು ಇಟ್ಟರೆ ಪೆಟ್ಟಿಗೆಯೆಲ್ಲ ಘಮಘಮ. ಈಗ ಗೌರಿಹಬ್ಬದ ಪೇಟೆಯಲ್ಲೂ ಅದನ್ನು ಹುಡುಕಿ ಕೊಳ್ಳಬೇಕು.

ಕೇದಗೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಿಮಳಕ್ಕೆ ಹೆಸರಾದುದು ಗಂಡು ಹೂವು. ನಾವು ಎಸಳು ಎನ್ನುವುದೂ ನಿಜಕ್ಕೆ ದಳವಲ್ಲ. ಹೂಗೊಂಚಲನ್ನು ಸುತ್ತಿಕೊಂಡಿರುವ ತಿಳಿಹಳದಿ ಎಲೆ. ಹೆಣ್ಣು ಗಿಡದಲ್ಲಿ ಅನಾನಸನ್ನು ಹೋಲುವ ಕಾಯಿ ಬಿಡುತ್ತದೆ.

ಪುರಾಣದಲ್ಲಿ ಈ ಹೂವಿಗೆ ಒಂದು ಕಳಂಕವಿದೆ. ಶಿವಲಿಂಗದ ತುದಿಯನ್ನು ಕಂಡೆನೆಂದ ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ನುಡಿದುದರಿಂದ ಶಿವಪೂಜೆಗೆ ಅದು ಸಲ್ಲದಾಯಿತಂತೆ. ಆದರೆ ಶಾಪವು ಅದರ ಬೆಲೆಯನ್ನು ತಗ್ಗಿಸಲಿಲ್ಲ. ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಇದೊಂದು ದೊಡ್ಡ ಕಸುಬು. ಬೆಳಗಿನ ಜಾವ ಕೊಯ್ದ ಹೂವನ್ನು ತಾಮ್ರದ ಹಂಡೆಗಳಲ್ಲಿ ಕುದಿಸಿ, ಆವಿ ಹಿಡಿದು ಅತ್ತರನ್ನೂ ಕೇವ್ಡಾ ನೀರನ್ನೂ ತೆಗೆಯುತ್ತಾರೆ. ಲಖನೌದ ಬಿರಿಯಾನಿಗೂ ಬಂಗಾಳದ ಸಿಹಿತಿಂಡಿಗೂ ಕಂಪು ಕೊಡುವುದು ಈ ನೀರೇ.

ನಮ್ಮ ಕರಾವಳಿಯಲ್ಲಿ ಹೂವಿಗಿಂತ ಎಲೆಯ ಬಳಕೆ ಹೆಚ್ಚು. ಅಂಚಿನ ಮುಳ್ಳು ಸೀಳಿ, ಬೆಂಕಿಯಲ್ಲಿ ಬಾಡಿಸಿ, ಕೊಳವೆಯಂತೆ ಸುತ್ತಿ ಉದ್ದು-ಅಕ್ಕಿಯ ಹಿಟ್ಟು ಹೊಯ್ದು ಬೇಯಿಸಿದರೆ ಅಷ್ಟಮಿಯ ಮೂಡೆ ಸಿದ್ಧ. ಎಲೆಯ ಪರಿಮಳ ಹಿಟ್ಟಿಗಿಳಿಯುವುದೇ ಅದರ ರುಚಿಯ ಗುಟ್ಟು. ಒಣಗಿಸಿ ಸೀಳಿದ ಎಲೆಯಿಂದ ಚಾಪೆಯನ್ನೂ ಹೆಣೆಯುತ್ತಾರೆ.

ಬೆಳೆಸುವುದು ಕಷ್ಟವಲ್ಲ. ಬುಡದಲ್ಲಿ ಒಡೆದ ಕಂದನ್ನು ಬೇರುಸಹಿತ ಬಿಡಿಸಿ ಮಳೆಗಾಲದ ಆರಂಭದಲ್ಲಿ ನೆಡಬೇಕು. ಬಿಸಿಲು, ತೇವ, ನೀರು ಬಸಿದುಹೋಗುವ ಮರಳುಮಿಶ್ರಿತ ಮಣ್ಣು, ಇಷ್ಟಿದ್ದರೆ ಸಾಕು. ಹೂವು ಬೇಕೆಂದವರು ಕಂದನ್ನು ಗಂಡು ಗಿಡದಿಂದಲೇ ತರಬೇಕು. ತಾಯಿಗಿಡದ ಗುಣವೇ ಕಂದಿಗೆ ಬರುವುದು. ಹೂ ಬಿಡಲು ಕೆಲವು ವರ್ಷ ಕಾಯಬೇಕು. ಎಲೆಯ ಅಂಚು ಗರಗಸದಂತಿರುವುದರಿಂದ ಮಕ್ಕಳು ಓಡಾಡುವ ದಾರಿಯಿಂದ ದೂರ ನೆಡುವುದು ಲೇಸು.

ಇಷ್ಟು ಸುಲಭದ ಗಿಡ ಮರೆಯಾಗುತ್ತಿರುವುದೇಕೆ? ಮೆಳೆಯಲ್ಲಿ ಹಾವು ಸೇರುತ್ತದೆಂಬ ಭಯ ಒಂದು. ತೋಡಿನ ಅಂಚಿನವರೆಗೂ ತೋಟ, ಮನೆ, ರಸ್ತೆ ಚಾಚಿರುವುದು ಇನ್ನೊಂದು. ಕೇದಗೆಯ ಕಾಂಡದಿಂದ ಇಳಿಯುವ ಊರುಬೇರುಗಳು ದಂಡೆಯ ಮಣ್ಣನ್ನು ಬಿಗಿಹಿಡಿಯುತ್ತವೆ. ಅದನ್ನು ಕಡಿದಲ್ಲಿ ಮಳೆನೀರು ದಂಡೆಯನ್ನು ಕೊರೆಯುತ್ತದೆ. ಆಮೇಲೆ ಸಾವಿರಾರು ರೂಪಾಯಿ ಸುರಿದು ಕಲ್ಲುಗೋಡೆ ಕಟ್ಟುತ್ತೇವೆ. ಆ ಗೋಡೆ ಮಣ್ಣನ್ನು ತಡೆದೀತು. ಅಷ್ಟಮಿಯ ಮೂಡೆಗೆ ಎಲೆ ಕೊಡಲಾರದು, ಜಡೆಗೆ ಹೂವನ್ನೂ ಕೊಡಲಾರದು. ಈ ಮಳೆಗಾಲದಲ್ಲಿ ತೋಡಿನ ಬದಿಗೆ ಒಂದು ಕಂದು ನೆಟ್ಟರೆ ಆ ಮೂರೂ ಕೆಲಸಕ್ಕೆ ಆದೀತು.