ವಾರದ ಕೊನೆಗೆ ಮೂರನೆಯ ಕಾಲಂ

ವಾರಕ್ಕೊಮ್ಮೆ ಅರ್ಧ ಗಂಟೆಯೋ ಒಂದು ಗಂಟೆಯೋ ಕೂತು, ಮಾಡಬೇಕೆಂದುಕೊಂಡದ್ದೇನು, ಆದದ್ದೆಷ್ಟು, ಉಳಿದದ್ದು ಏಕೆ ಉಳಿಯಿತು ಎಂದು ಬರೆದಿಡುವುದೇ ವಾರಾವಲೋಕನ. ಅಮೆರಿಕದ ಡೇವಿಡ್ ಅಲೆನ್ 2001ರಲ್ಲಿ ಪ್ರಕಟಿಸಿದ ‘ಗೆಟಿಂಗ್ ಥಿಂಗ್ಸ್ ಡನ್’ ಪುಸ್ತಕದಿಂದ ಈ ರೂಢಿ ಕಚೇರಿಗಳಲ್ಲಿ ಹೆಚ್ಚು ಬಳಕೆಗೆ ಬಂತು.

ಇದಕ್ಕೆ ಆ್ಯಪ್ ಬೇಕೆಂದೇನಿಲ್ಲ, ಮೂರು ಕಾಲಂ ಗೆರೆ ಎಳೆದ ನೋಟ್‌ಬುಕ್ ಸಾಕು. ಹೆಚ್ಚಿನವರು ಮೊದಲೆರಡನ್ನು ತುಂಬಿ, ಮೂರನೆಯದರಲ್ಲಿ ‘ಟೈಮ್ ಸಾಲಲಿಲ್ಲ’ ಎಂದು ಗೀಚಿ ಎದ್ದುಬಿಡುತ್ತಾರೆ. ಆದರೆ ಈ ಲೆಕ್ಕದ ತಿರುಳಿರುವುದೇ ಮೂರನೆಯದರಲ್ಲಿ. ‘ವಾರದ ಮಾರಾಟ ವರದಿ, ಮುಗಿಯಲಿಲ್ಲ, ಅಕೌಂಟ್ಸ್‌ನವರು ಅಂಕಿ ಕೊಟ್ಟದ್ದೇ ಗುರುವಾರ ಸಂಜೆ’ ಎಂಬ ಸಾಲು ಮೂರು ವಾರ ಮರಳಿ ಬಂದರೆ, ಅದು ವರದಿ ಬರೆಯುವವರ ಸೋಮಾರಿತನದ ತಪ್ಪಲ್ಲ, ಅಂಕಿ ಕೇಳುವ ದಿನವನ್ನೇ ಮುಂಚೆಗೆ ತರಬೇಕು. ಒಂದೇ ವಾರದ ಪುಟ ನೋಡಿದರೆ ಇದು ಹೊಳೆಯದು. ನೆನಪನ್ನಂತೂ ನೆಚ್ಚುವಂತಿಲ್ಲ: ಶುಕ್ರವಾರದ ಸಿಡಿಮಿಡಿಯಲ್ಲಿ ಸೋಮವಾರ ಆದ ಕೆಲಸ ಮರೆತೇ ಹೋಗಿರುತ್ತದೆ.

ಹೀಗೆ ಬರೆಯುವುದರ ಫಲವನ್ನು ಪರೀಕ್ಷಿಸಿದವರೂ ಇದ್ದಾರೆ. ವಿಪ್ರೊದ ಹೊಸ ನೌಕರರ ತರಬೇತಿಯಲ್ಲಿ ಹಾರ್ವರ್ಡ್‌ನ ಸಂಶೋಧಕರೂ ಸೇರಿದ ತಂಡ ನಡೆಸಿದ ಪ್ರಯೋಗದ ವರದಿ 2014ರಲ್ಲಿ ಬಂತು. ದಿನದ ಕೊನೆಯ 15 ನಿಮಿಷ ಅಂದಿನ ಕಲಿಕೆಯನ್ನು ಬರೆದವರು ಕೊನೆಯ ಪರೀಕ್ಷೆಯಲ್ಲಿ ಉಳಿದವರಿಗಿಂತ ಸುಮಾರು ಶೇ. 23ರಷ್ಟು ಮುಂದಿದ್ದರು. ಆ ತಂಡದ ಒಬ್ಬರ ಬೇರೆ ಸಂಶೋಧನೆಗಳ ದತ್ತಾಂಶದ ಬಗ್ಗೆ ಮುಂದೆ ಗಂಭೀರ ಆಕ್ಷೇಪ ಎದ್ದದ್ದರಿಂದ ಈ ಅಂಕಿಯನ್ನು ಸುಳಿವೆಂದಷ್ಟೇ ತೆಗೆದುಕೊಳ್ಳುವುದು ಲೇಸು. ಸಂಶೋಧಕರಾದ ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ 7 ಕಂಪನಿಗಳ 238 ನೌಕರರ ಸುಮಾರು 12,000 ದಿನಚರಿ ಬರಹಗಳನ್ನು ಓದಿ ಕಂಡುಕೊಂಡದ್ದು ಬೇರೆ: ಅರ್ಥವಿದೆ ಎನಿಸುವ ಕೆಲಸ ಒಂದಿಷ್ಟು ಮುಂದೆ ಸಾಗಿದರೂ ಹುರುಪು ಹೆಚ್ಚುತ್ತದೆ. ಹಾಗಾಗಿ ಅರೆಬರೆ ಆದದ್ದನ್ನೂ ಬರೆಯಬೇಕು.

ಒಬ್ಬರೇ ಬರೆಯುವ ಬದಲು ತಂಡವೇ ಕೂತು ಅವಲೋಕಿಸುವಾಗ ವಿಷಯ ನಾಜೂಕು. ಸಾಫ್ಟ್‌ವೇರ್ ಕಂಪನಿಗಳ ಸ್ಕ್ರಮ್ ಪದ್ಧತಿಯಲ್ಲಿ ಪ್ರತಿ ಸ್ಪ್ರಿಂಟ್, ಅಂದರೆ ನಿಗದಿತ ಅವಧಿಯ ಕೆಲಸದ ಸುತ್ತು, ಮುಗಿದಾಗ ರೆಟ್ರೊಸ್ಪೆಕ್ಟಿವ್ ಎಂಬ ಅವಲೋಕನ ಸಭೆ ನಡೆಯುತ್ತದೆ. ಒಂದು ತಿಂಗಳ ಸ್ಪ್ರಿಂಟ್‌ಗೆ ಗರಿಷ್ಠ 3 ಗಂಟೆ. ಅಲ್ಲಿ ಮ್ಯಾನೇಜರ್ ಅಪ್ರೈಸಲ್ ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಯಾರೂ ಬಾಯಿಬಿಡುವುದಿಲ್ಲ. ಮುಗಿಸಿದ ಟಿಕೆಟ್‌ಗಳ (ಪಟ್ಟಿಯಲ್ಲಿ ದಾಖಲಾದ ಕೆಲಸಗಳ) ಎಣಿಕೆಯೇ ಗುರಿಯಾದರೆ ಜನ ಒಂದು ಕೆಲಸವನ್ನು ನಾಲ್ಕು ಟಿಕೆಟ್ ಮಾಡುತ್ತಾರೆ. ಅಳತೆಯೇ ಗುರಿಯಾದಾಗ ಅಳತೆ ಕೆಡುತ್ತದೆಂಬ ಗುಡ್‌ಹಾರ್ಟ್ ನಿಯಮ ಇದೇ. ಹತ್ತು ದೂರು ಪಟ್ಟಿಮಾಡುವ ಬದಲು ಬದಲಾಯಿಸಬೇಕಾದ ಒಂದನ್ನು ಆರಿಸಿ, ಅದಕ್ಕೊಬ್ಬರನ್ನು ಹೊಣೆ ಮಾಡಿ, ಮುಂದಿನ ಸಭೆಯನ್ನು ಅದರಿಂದಲೇ ಶುರುಮಾಡುವ ತಂಡಗಳಲ್ಲಿ ಮಾತ್ರ ಈ ಸಭೆಗೆ ಜನ ತಾವಾಗಿ ಬರುತ್ತಾರೆ.