ಸತ್ಯವೇದದ ಕೂಟಕ್ಕೆ ಗುರುಪೀಠ ಬೇಡ

ಚರ್ಚು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗೋಪುರ, ಗಂಟೆ ಮತ್ತು ಭಾನುವಾರದ ಆರಾಧನೆ. ಆದರೆ ಕ್ರೈಸ್ತ ಸಭೆಗೆ ವಾರದ ನಡುವೆ ಇನ್ನೊಂದು ಬದುಕಿದೆ. ಅದು ನಡೆಯುವುದು ಯಾರದೋ ಮನೆಯ ನಡುಕೋಣೆಯಲ್ಲಿ. ಎಂಟು ಹತ್ತು ಮಂದಿ ಸೇರುತ್ತಾರೆ, ಸತ್ಯವೇದದ ಒಂದು ಭಾಗವನ್ನು ಓದಿ ಚರ್ಚಿಸುತ್ತಾರೆ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುತ್ತಾರೆ, ಚಹಾ ಕುಡಿದು ಮನೆಗೆ ಮರಳುತ್ತಾರೆ. ಪಕ್ಕದ ಮನೆಯ ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡು, ಒಳಗೆ ಏನು ನಡೆಯುತ್ತಿದೆ ಎಂದು ಕುತೂಹಲಪಟ್ಟವರು ಓದುಗರಲ್ಲಿಯೂ ಇರಬಹುದು. ಬೆಂಗಳೂರಿನಲ್ಲಿ ಅಂಥದೊಂದು ಕನ್ನಡ ಕೂಟವನ್ನು ಹಲವು ವರ್ಷಗಳಿಂದ ನಡೆಸುತ್ತಿರುವವನು ನಾನು. ಹೊರಗಿನವರ ಕುತೂಹಲಕ್ಕಿಂತ ಒಳಗಿನವರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಮುಖ್ಯವೆಂದು ನನಗೆ ಅನಿಸುತ್ತದೆ: ಇಂಥ ಕೂಟದ ಮುಂದಾಳಿನ ಕೆಲಸವೇನು? ಅವನ ಅಧಿಕಾರ ಎಲ್ಲಿಗೆ ನಿಲ್ಲಬೇಕು?

ಮನೆಯಲ್ಲಿ ಸೇರುವುದು ಹೊಸ ಪರಿಪಾಠವೇನಲ್ಲ. ಮೊದಲ ಶತಮಾನದ ಕ್ರೈಸ್ತರಿಗೆ ದೇವಾಲಯಗಳೇ ಇರಲಿಲ್ಲ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಕೂಡುತ್ತಿದ್ದ ಸಭೆಯನ್ನು ಅಪೊಸ್ತಲ ಪೌಲ ತನ್ನ ಪತ್ರಗಳಲ್ಲಿ ಸ್ಮರಿಸುತ್ತಾನೆ. 1675ರಲ್ಲಿ ಜರ್ಮನಿಯ ಫಿಲಿಪ್ ಯಾಕೋಬ್ ಸ್ಪೆನರ್ ತಮ್ಮ ಗ್ರಂಥದಲ್ಲಿ, ಉಪದೇಶ ಕೇಳಿದರಷ್ಟೇ ಸಾಲದು, ಸಾಮಾನ್ಯ ವಿಶ್ವಾಸಿಗಳು ಒಟ್ಟಿಗೆ ಕುಳಿತು ಸತ್ಯವೇದವನ್ನು ಓದಿ ಚರ್ಚಿಸಬೇಕು ಎಂದು ವಾದಿಸಿದರು.

ಇಂಗ್ಲೆಂಡಿನ ಜಾನ್ ವೆಸ್ಲಿಯವರ ಅನುಭವ ಇನ್ನೂ ಸ್ವಾರಸ್ಯಕರ. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾ ಮಂದಿರದ ಮೇಲಿದ್ದ ಸಾಲವನ್ನು ತೀರಿಸಲು ಪ್ರತಿ ಸದಸ್ಯ ವಾರಕ್ಕೊಂದು ಪೆನ್ನಿ ಕೊಡಬೇಕೆಂದು ತೀರ್ಮಾನವಾಯಿತು. ಸುಮಾರು ಹನ್ನೆರಡು ಮಂದಿಯ ಗುಂಪುಗಳನ್ನು ಮಾಡಿ, ವಸೂಲಿಗೆ ಒಬ್ಬೊಬ್ಬ ಮುಂದಾಳನ್ನು ನೇಮಿಸಲಾಯಿತು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಕಂಡದ್ದು ಕುಡಿತ, ಜಗಳ, ಸಂಕಟ. ಸಾಲದ ಲೆಕ್ಕಕ್ಕೆಂದು ಹುಟ್ಟಿದ ಏರ್ಪಾಡು ಹೀಗೆ ಮನುಷ್ಯರ ಯೋಗಕ್ಷೇಮ ವಿಚಾರಿಸುವ ಏರ್ಪಾಡಾಗಿ ಬದಲಾಯಿತು. ಮುಂದಾಳುಗಳಲ್ಲಿ ಪಾದ್ರಿಗಳಲ್ಲದ ಸಾಮಾನ್ಯರಿದ್ದರು, ಮಹಿಳೆಯರೂ ಇದ್ದರು. ಇದೇ ಪರಂಪರೆಯ ವೆಸ್ಲಿಯನ್ ಮಿಷನ್ 19ನೇ ಶತಮಾನದಲ್ಲಿ ಮೈಸೂರು ಸಂಸ್ಥಾನಕ್ಕೂ ಬಂತು. ಅದರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ವಿಲೀನವಾದವು.

ಕನ್ನಡದಲ್ಲಿ ಇಡೀ ಸತ್ಯವೇದ ಮುದ್ರಣಗೊಂಡದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಗ್ರಂಥವನ್ನು ಕೂಡಿ ಓದುವುದಂತೂ ನಮ್ಮ ನಾಡಿಗೆ ಅದಕ್ಕಿಂತ ಹಳೆಯ ರೂಢಿ. ಒಬ್ಬರು ಭಾರತವನ್ನು ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರು ಕುಳಿತು ಕೇಳುವುದು ನಮಗೆ ಪರಿಚಿತ ದೃಶ್ಯ. ಆದರೆ ಗೃಹಕೂಟದಲ್ಲಿ ಒಂದು ವ್ಯತ್ಯಾಸವಿದೆ. ಇಲ್ಲಿ ಅರ್ಥ ಹೇಳುವ ಪೀಠ ಯಾರಿಗೂ ಮೀಸಲಲ್ಲ. ಇರಲೂಬಾರದು.

ಸಾಮಾನ್ಯವಾಗಿ ನಾವು ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳುತ್ತೇವೆ. ಈ ಭಾಗ ಏನು ಹೇಳುತ್ತದೆ? ಅದರ ಅರ್ಥವೇನು? ನಾಳೆ ಬೆಳಿಗ್ಗೆ ನಾನು ಏನನ್ನು ಬೇರೆ ರೀತಿಯಲ್ಲಿ ಮಾಡಬೇಕು? ಪ್ರಶ್ನೆ ಕೇಳುವುದು ಸುಲಭ, ಕೇಳಿದ ಮೇಲೆ ಸುಮ್ಮನಿರುವುದು ಕಷ್ಟ. ಅರ್ಧ ನಿಮಿಷದ ಮೌನವೂ ಮುಂದಾಳಿಗೆ ಯುಗವಾಗಿ ತೋರುತ್ತದೆ. ಆಗ ಅವನೇ ಉತ್ತರ ಹೇಳಿಬಿಟ್ಟರೆ, ಮುಂದಿನ ವಾರದಿಂದ ಉಳಿದವರು ಯೋಚಿಸುವುದನ್ನೇ ನಿಲ್ಲಿಸುತ್ತಾರೆ.

ಒಮ್ಮೆ ನಾವು ಲೂಕನ ಸುವಾರ್ತೆಯ ಸಮಾರ್ಯದವನ ಸಾಮತಿಯನ್ನು ಓದುತ್ತಿದ್ದೆವು. ‘ನನ್ನ ನೆರೆಯವನು ಯಾರು’ ಎಂದು ಧರ್ಮಪಂಡಿತ ಕೇಳಿದಾಗ ಯೇಸು ವ್ಯಾಖ್ಯಾನ ಕೊಡುವುದಿಲ್ಲ. ಕಥೆ ಹೇಳಿ, ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾನೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಇದ್ದ ವೈರದ ಬಗ್ಗೆ ನಾನು ಟಿಪ್ಪಣಿ ಸಿದ್ಧಪಡಿಸಿಕೊಂಡಿದ್ದೆ. ಅದನ್ನು ತೆಗೆಯುವ ಮೊದಲೇ, ಅಪರೂಪಕ್ಕೆ ಮಾತನಾಡುವ ಬೆಳಗಾವಿ ಕಡೆಯ ಹಿರಿಯ ಮಹಿಳೆಯೊಬ್ಬರು, ‘ನಮ್ಮ ಕಡೆ ನೆರೆ ಅಂದರೆ ಹೊಳೆ ಬರೋದು’ ಎಂದರು. 2019ರ ಆಗಸ್ಟ್‌ನಲ್ಲಿ ನೀರು ಅವರ ತವರಿನ ಮನೆ ಹೊಕ್ಕಾಗ ಮೊದಲು ಬಂದವರು ಬಂಧುಗಳಲ್ಲ. ಆ ಮನೆಯವರು ಎಂದೂ ಒಟ್ಟಿಗೆ ಕುಳಿತು ಉಣ್ಣದ ಕೇರಿಯ ಹುಡುಗರು. ‘ಅವತ್ತಿನಿಂದ ನೆರೆಯವರು ಯಾರು ಅನ್ನೋದು ನನಗೆ ಗೊತ್ತು’ ಎಂದು ಅವರು ಮಾತು ಮುಗಿಸಿದರು. ನನ್ನ ಟಿಪ್ಪಣಿ ಹಾಳೆಯಲ್ಲೇ ಉಳಿಯಿತು. ಎರಡು ಸಾವಿರ ವರ್ಷ ಹಿಂದಿನ ವೈರವನ್ನು ನಾನು ವಿವರಿಸಬಹುದಿತ್ತು. ಇಂದಿನ ವೈರವನ್ನು ಅವರು ಕಾಣಿಸಿದ್ದರು.

‘ಶಿಷ್ಯತ್ವ’ ಎಂಬ ಮಾತಿನಲ್ಲಿ ಅಪಾಯ ಅಡಗಿರುವುದೂ ಇಲ್ಲಿಯೇ. ಗ್ರೀಕ್ ಮೂಲದಲ್ಲಿ ಆ ಪದಕ್ಕೆ ಕಲಿಯುವವನು ಎಂದಷ್ಟೇ ಅರ್ಥ. ಕನ್ನಡದಲ್ಲಿ ಶಿಷ್ಯ ಎಂದಕೂಡಲೇ ಗುರುವೊಬ್ಬ ಎದ್ದು ನಿಲ್ಲುತ್ತಾನೆ. ಕೂಟದ ಮುಂದಾಳು ತಿಳಿಯದಂತೆ ಆ ಜಾಗಕ್ಕೆ ಸರಿದುಬಿಡಬಹುದು. ಆದರೆ ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಯೇಸು ತನ್ನವರಿಗೆ ಗುರುಗಳೆನಿಸಿಕೊಳ್ಳುವುದನ್ನೇ ನಿಷೇಧಿಸುತ್ತಾನೆ. ನೀವೆಲ್ಲ ಸಹೋದರರು ಎನ್ನುತ್ತಾನೆ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ನಿದರ್ಶನವಿದೆ. 1970ರ ದಶಕದಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಐವರು ಬೋಧಕರು ‘ಶೆಪರ್ಡಿಂಗ್’ ಚಳವಳಿಯನ್ನು ಕಟ್ಟಿದರು. ಪ್ರತಿ ವಿಶ್ವಾಸಿಯೂ ತನಗಿಂತ ಮೇಲಿನ ಒಬ್ಬ ‘ಕುರುಬ’ನಿಗೆ ವಿಧೇಯನಾಗಿರಬೇಕು ಎಂಬುದು ಅದರ ತತ್ವ. ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಎಷ್ಟೋ ಕಡೆ ಮದುವೆ, ಉದ್ಯೋಗದಂಥ ಖಾಸಗಿ ನಿರ್ಧಾರಗಳಿಗೂ ಮೇಲಿನವರ ಒಪ್ಪಿಗೆ ಬೇಕೆಂಬ ಸ್ಥಿತಿ ಬಂತು, ಕುಟುಂಬಗಳು ನೊಂದವು. ಮುಂದೆ ಐವರಲ್ಲೊಬ್ಬರಾದ ಬಾಬ್ ಮಮ್‌ಫರ್ಡ್ ಸಾರ್ವಜನಿಕವಾಗಿ ಕ್ಷಮೆ ಕೋರಬೇಕಾಯಿತು. ಹಿರಿಯರ ಮಾತಿಗೆ ತಲೆಬಾಗುವುದನ್ನೇ ಸಂಸ್ಕಾರವೆಂದು ತಿಳಿದ ನಮ್ಮ ಸಮಾಜದಲ್ಲಿ ಈ ರೋಗ ಇನ್ನೂ ಬೇಗ ಹರಡಬಹುದು.

ಮುಂದಾಳಿನ ಅಧಿಕಾರಕ್ಕೆ ಬೇಲಿ ಅಗತ್ಯ ಎನ್ನುವುದು ಇದಕ್ಕಾಗಿ. ಮೊದಲನೆಯದು ಗುಟ್ಟಿನ ಬೇಲಿ. ಮಗನ ಸಾಲ, ಮಗಳ ಮುರಿದ ಮದುವೆ, ಗಂಡನ ಕುಡಿತ ಇವೆಲ್ಲ ಕೂಟದಲ್ಲಿ ಪ್ರಾರ್ಥನೆಯ ವಿಷಯಗಳಾಗಿ ಹೊರಬರುತ್ತವೆ. ‘ಅವರಿಗಾಗಿ ಪ್ರಾರ್ಥಿಸಿ’ ಎಂಬ ನೆಪದಲ್ಲಿ ಅವು ಭಾನುವಾರದ ಹೊತ್ತಿಗೆ ಇಡೀ ಸಭೆಗೆ ತಿಳಿದಿದ್ದರೆ ಅದು ಪ್ರಾರ್ಥನೆಯಲ್ಲ, ಚಾಡಿ. ಹೇಳಿಕೊಂಡವರ ಒಪ್ಪಿಗೆಯಿಲ್ಲದೆ ಮಾತು ಹೊಸ್ತಿಲು ದಾಟಬಾರದು. ಇದಕ್ಕೆ ಒಂದೇ ಅಪವಾದ, ಯಾರದಾದರೂ ಜೀವಕ್ಕೆ ಅಪಾಯವಿರುವ ಸಂದರ್ಭ.

ಎರಡನೆಯದು ಅರ್ಹತೆಯ ಬೇಲಿ. ಮುಂದಾಳು ವೈದ್ಯನೂ ಅಲ್ಲ, ವಕೀಲನೂ ಅಲ್ಲ. ಖಿನ್ನತೆಗೆ ಮಾತ್ರೆ ನುಂಗುತ್ತಿರುವವರಿಗೆ ನಂಬಿಕೆ ಸಾಲದೆಂದು ಹೇಳುವುದು ಕ್ರೌರ್ಯ. ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ತಾಳ್ಮೆಯ ವಾಕ್ಯ ಓದಿ ಅದೇ ಮನೆಗೆ ಕಳುಹಿಸುವುದು ಅಪರಾಧಕ್ಕೆ ಸಮಾನ. ನಿಮ್ಹಾನ್ಸ್ ಇರುವ ನಗರದಲ್ಲಿ ನಾವಿದ್ದೇವೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಪ್ರತಿ ಮುಂದಾಳಿನ ಸತ್ಯವೇದದ ಮೊದಲ ಪುಟದಲ್ಲಿರಬೇಕು. ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ ಹೊರಗೆ ಕಾಯುವುದೂ ಶಿಷ್ಯತ್ವವೇ.

ಮೂರನೆಯದು ಕಾಲದ ಬೇಲಿ. ನಮ್ಮ ಕೂಟದಲ್ಲಿ ಚರ್ಚೆಯನ್ನು ನಡೆಸುವ ಸರದಿ ತಿಂಗಳಿಗೊಮ್ಮೆ ಬೇರೊಬ್ಬರಿಗೆ ಹೋಗುತ್ತದೆ. ಮನೆಗೆಲಸ ಮಾಡುವ ಸೋದರಿಯೊಬ್ಬರು ಮೊದಲ ಸಲ ನಡೆಸಿದಾಗ, ನಿವೃತ್ತ ಅಧಿಕಾರಿಗಳು ಅವರ ಪ್ರಶ್ನೆಗೆ ಉತ್ತರಿಸಲು ತಡಕಾಡಿದ್ದನ್ನು ಕಂಡಿದ್ದೇನೆ. ಭಾನುವಾರ ಒಂದೇ ಸಾಲಿನಲ್ಲಿ ಕುಳಿತೂ ಪರಸ್ಪರ ಹೆಸರು ತಿಳಿಯದವರು ಇಲ್ಲಿ ಒಬ್ಬರ ಮಾತಿಗೆ ಒಬ್ಬರು ಕಿವಿಗೊಡುತ್ತಾರೆ. ಇಂಥ ನಂಟಿನ ಬೆಲೆ ತಿಳಿದದ್ದು 2020ರಲ್ಲಿ. ಕೋವಿಡ್ ಲಾಕ್‌ಡೌನ್‌ನಿಂದ ಚರ್ಚುಗಳ ಬಾಗಿಲು ಮುಚ್ಚಿದಾಗ, ಯಾರ ಮನೆಯಲ್ಲಿ ಔಷಧಿ ಮುಗಿದಿದೆ, ಯಾರಿಗೆ ಸಂಬಳ ಬಂದಿಲ್ಲ ಎಂಬುದು ಗೊತ್ತಿದ್ದದ್ದು ಈ ಹತ್ತು ಮಂದಿಗೆ.

ಸಭೆಗಳು ತಮ್ಮ ಗೃಹಕೂಟಗಳ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಪ್ರಕಟಿಸುತ್ತವೆ. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡುವುದು ಒಳ್ಳೆಯದು: ಎಷ್ಟು ಕೂಟಗಳು ತಮ್ಮ ಮುಂದಾಳು ಬಾರದ ದಿನವೂ ನಡೆದವು? ಗೈರುಹಾಜರಾದ ದಿನವೂ ಓದು ನಡೆದಿದ್ದರೆ, ಆ ಮುಂದಾಳು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಾನೆಂದೇ ಅರ್ಥ.